ಹೆಸರಿನ ಕೊನೆಯಲ್ಲಿರುವ 'ಅಯ್ಯ'



ಮನೆಗೆ ಬಂದವರನ್ನು ಹೇಗೆ ಬರಮಾಡಿಕೊಳ್ಳಬೇಕು ಎಂಬುದನ್ನು ಕುರಿತ ಬಸವಣ್ಣನವರ ವಚನವೊಂದು ನಮ್ಮಲ್ಲಿ ಬಹುಮಂದಿಗೆ ಶಾಲೆಯ ದಿನಗಳಿಂದಲೇ ಬಾಯಿಪಾಠವಾಗಿದೆ. ಅದನ್ನು ಇಲ್ಲಿ ಮತ್ತೆ ಬರೆಯುವ ಅಗತ್ಯವಿಲ್ಲ. ಬಂದವರ ಕುಶಲವನ್ನು ವಿಚಾರಿಸುವುದು, ಅವರನ್ನು ಕುಳ್ಳಿರಿಸುವುದು, ತಡಮಾಡದೆ ಅವರೊಡನೆ ಮಾತನಾಡುವುದು ಎಂಬ ಮೂರು ಕಾರ್ಯಗಳನ್ನು ಅಣ್ಣನವರು ಅಲ್ಲಿ ಹೇಳುತ್ತಾರೆ. ಇವುಗಳಿಂದ ಮಾಡುವವನಿಗೆ ಯಾವ ನಷ್ಟವೂ ಇಲ್ಲ. ದಾನ ಮಾಡಲು ಕೈಯಲ್ಲಿ ಏನೂ ಇಲ್ಲದವನಿಂದಲೂ ಇಷ್ಟು ಸಾಧ್ಯ. ಇಷ್ಟನ್ನೂ ಮಾಡದವನನ್ನು ದೇವರು ಸುಮ್ಮನೆ ಬಿಡುವುದಿಲ್ಲ ಎಂಬುದು ಅದರ ತಾತ್ಪರ್ಯ.

ಈ ವಚನವನ್ನು ಅತಿಥಿಸತ್ಕಾರದ ಪಾಠವೆಂದು ಓದಿ, ಮಕ್ಕಳಿಗೂ ಹಾಗೆಯೇ ಕಲಿಸಿ, ಮುಂದೆ ಸಾಗುವುದು ರೂಢಿ. ಆದರೆ ಅದರ ಕೊನೆಯಲ್ಲಿ ಬರುವ ಶಿಕ್ಷೆಯ ಕಾಠಿಣ್ಯವು ನನ್ನನ್ನು ಬಹುಕಾಲದಿಂದ ಚಿಂತನೆಗೆ ಹಚ್ಚಿದೆ. ಅಲ್ಲಿ ಹೇಳಿರುವುದು ಮೂಗು ಕೊಯ್ಯುವ ಶಿಕ್ಷೆ. ಎಂದರೆ, ನಾಲ್ವರೆದುರು ಮುಖವೆತ್ತದಂತೆ ಮಾಡುವ ಶಿಕ್ಷೆ. ಧರ್ಮವನ್ನು ದಯೆಯ ಮೇಲೆಯೇ ನಿಲ್ಲಿಸಿದ ಮಹಾನುಭಾವರು, ಬಂದವರಿಗೆ ಕುಳಿತುಕೊಳ್ಳಲು ಹೇಳದಷ್ಟು ಸಣ್ಣ ಲೋಪಕ್ಕೆ ಇಷ್ಟೊಂದು ಕಠೋರರಾದುದೇಕೆ? ಈ ಪ್ರಶ್ನೆಗೆ ಉತ್ತರವನ್ನು ನಾನು ಗ್ರಂಥಗಳಲ್ಲಿ ಹುಡುಕಿದ್ದೇನೆ. ಅದಕ್ಕಿಂತ ಹೆಚ್ಚಾಗಿ, ಮೂವತ್ತು ವರ್ಷಗಳಿಂದ ದುಡಿದು ಬಾಳಿದ ಪೀಣ್ಯದ ಬೀದಿಗಳಲ್ಲಿ ಮತ್ತು ಮಗಳ ಸಂಸಾರವಿರುವ ವೈಟ್‌ಫೀಲ್ಡಿನಲ್ಲಿ ಅದು ನನಗೆ ಗೋಚರಿಸಿದೆ.

ಬೆಂಗಳೂರಿನ ಈ ಹೊರವಲಯಗಳು ಬಂದವರಿಂದಲೇ ಬೆಳೆದ ಊರುಗಳು. 1882ರಲ್ಲಿ ಮೈಸೂರಿನ ಮಹಾರಾಜರಾಗಿದ್ದ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ ಸಮುದಾಯದ ಸಂಘಕ್ಕೆ ಬೇಸಾಯದ ವಸಾಹತುಗಳಿಗಾಗಿ 3,900 ಎಕರೆ ಭೂಮಿಯನ್ನು ನೀಡಿದರು. ಆ ಸಂಘದ ಡಿ. ಎಸ್. ವೈಟ್ ಅವರಿಂದಲೇ ವೈಟ್‌ಫೀಲ್ಡ್ ಎಂಬ ಹೆಸರು ಬಂದಿತು. ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಗಳಲ್ಲಿ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಸ್ಥಾಪಿಸಿತು, ಅದು ಆರ್. ಕೆ. ಬಾಳಿಗ ಅವರ ಕನಸಾಗಿತ್ತು. ಸುಮಾರು ಅದೇ ಕಾಲದಲ್ಲಿ ಪೀಣ್ಯದ ಹೊಲಗಳು ಸಣ್ಣ ಕೈಗಾರಿಕೆಗಳ ಶೆಡ್ಡುಗಳಾದವು. 2001ರ ಜನಗಣತಿಯಲ್ಲಿ 65 ಲಕ್ಷವಿದ್ದ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆಯು 2011ರ ವೇಳೆಗೆ 96 ಲಕ್ಷವನ್ನು ಮುಟ್ಟಿತು. ಹತ್ತು ವರ್ಷಗಳಲ್ಲಿ ಮೂವತ್ತು ಲಕ್ಷ ಜನರು ಹೆಚ್ಚಿದ ಊರಿನಲ್ಲಿ ಯಾರು ಯಾರಿಗೆ 'ಬನ್ನಿ' ಎನ್ನಬೇಕು? ಎಲ್ಲರೂ ಬಂದವರೇ ಆದಾಗ ಬರಮಾಡಿಕೊಳ್ಳುವವರು ಯಾರು?

ಈ ಪ್ರಶ್ನೆಯೊಂದಿಗೆ ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅದು ಶರಣರ ಹೆಸರುಗಳಲ್ಲಿಯೇ ಇದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ, ಆಯ್ದಕ್ಕಿ ಲಕ್ಕಮ್ಮ. ಕಸ ಗುಡಿಸುವ ಕಾಯಕದ ಸತ್ಯಕ್ಕ. ಈ ಹೆಸರುಗಳನ್ನು ನಿಧಾನವಾಗಿ ಉಚ್ಚರಿಸಿ ನೋಡಿ. ಇಲ್ಲಿ ಬಹುಪಾಲು ಹೆಸರುಗಳ ಮೊದಲಿಗೆ ಕಾಯಕವಿದೆ, ನಡುವೆ ಆ ವ್ಯಕ್ತಿಯಿದ್ದಾನೆ, ಕೊನೆಯಲ್ಲಿ 'ಅಯ್ಯ', 'ಅಣ್ಣ', 'ಅಕ್ಕ', 'ಅಮ್ಮ' ಎಂಬ ಗೌರವವಿದೆ. ಬಟ್ಟೆ ಒಗೆಯುವುದನ್ನಾಗಲಿ, ಚರ್ಮ ಹದಮಾಡುವುದನ್ನಾಗಲಿ ಯಾರೂ ಮುಚ್ಚಿಡಲಿಲ್ಲ. ಕಾಯಕವು ಹೆಸರಿನ ಜೊತೆಯಲ್ಲಿಯೇ ಉಳಿಯಿತು. ಆದರೆ ಪ್ರಧಾನಿಯ ಹೆಸರಿಗೆ ಸೇರಿದ ಗೌರವವೇ ಮಾದಾರನ ಹೆಸರಿಗೂ ಸೇರಿತು. ಕರೆಯುವ ಬಗೆಯಲ್ಲಿಯೇ ಸ್ವರ್ಗನರಕಗಳನ್ನು ಕಂಡ ಬಸವಣ್ಣನವರು ತಮ್ಮ ಸುತ್ತಲಿನ ಎಲ್ಲ ಹೆಸರುಗಳನ್ನೂ ಹೀಗೆ ತಿದ್ದಿದರೆಂದೇ ಹೇಳಬಹುದು.

ಈಗ ನಮ್ಮ ನಿತ್ಯದ ಕರೆಗಳನ್ನು ಕೇಳಿಸಿಕೊಳ್ಳೋಣ. 'ಏ ವಾಚ್‌ಮನ್', 'ಏ ಆಟೋ', 'ಕಸದವನು ಬಂದ', 'ಪಾರ್ಸೆಲ್ ಬಂದಿದೆ, ಗೇಟಿನಲ್ಲಿ ಬಿಟ್ಟುಹೋಗಲು ಹೇಳು'. ಇಲ್ಲಿಯೂ ಕಾಯಕವು ಮೊದಲಿಗಿದೆ. ಆದರೆ ನಡುವಿನ ಹೆಸರು ಅಳಿಸಿಹೋಗಿದೆ, ಕೊನೆಯ 'ಅಯ್ಯ'ನೂ ಇಲ್ಲ. ಬೈಗುಳದ ಒಂದು ಪದವೂ ಇಲ್ಲದೆ ಒಬ್ಬ ಮನುಷ್ಯನಿಂದ ಮನುಷ್ಯನನ್ನು ತೆಗೆದು, ಕೆಲಸವನ್ನಷ್ಟೇ ಉಳಿಸಿಕೊಂಡಂತಾಯಿತು. ಒರಟುತನವೆಂದರೆ ಗಟ್ಟಿದನಿಯ ಮಾತು ಎಂದು ನಾವು ತಿಳಿದಿದ್ದೇವೆ. ಗಟ್ಟಿದನಿಗಿಂತ ಆಳವಾದ ಒರಟುತನ ಇದು. ಕನ್ನಡದಲ್ಲಿ ಇದನ್ನು ಅಳೆಯಲು ಸುಲಭವಾದ ಅಳತೆಗೋಲೊಂದಿದೆ: ಏಕವಚನ. ಇಪ್ಪತ್ತೈದರ ಇಂಜಿನಿಯರಿಗೆ 'ನೀವು' ಎನ್ನುವ ಬಾಯಿಯೇ ಅರವತ್ತರ ಕಾವಲುಗಾರರಿಗೆ 'ನೀನು' ಎನ್ನುವುದನ್ನು ನಾವು ದಿನವೂ ಕೇಳುತ್ತೇವೆ. ಆ ವ್ಯತ್ಯಾಸವು ವಯಸ್ಸಿನಿಂದಲೂ ಸಲುಗೆಯಿಂದಲೂ ಬಂದುದಲ್ಲ, ಸಂಬಳದಿಂದ ಬಂದುದು.

ಹಾಗೆಂದು ಹಿಂದಿನ ಕಾಲವು ಸ್ನೇಹದ ಕಾಲವಾಗಿತ್ತು, ಇಂದಿನದು ಒರಟು ಕಾಲ ಎಂದು ಹೇಳಿಬಿಡುವುದು ಸತ್ಯಕ್ಕೆ ದೂರವಾದೀತು. ತೊಂಬತ್ತರ ದಶಕದಲ್ಲಿ ದಾಸರಹಳ್ಳಿ, ಲಗ್ಗೆರೆ, ಹೆಗ್ಗನಹಳ್ಳಿಗಳ ವಠಾರಗಳಲ್ಲಿ ಹತ್ತು ಮನೆಗಳಿಗೆ ಒಂದೇ ಕೊಳಾಯಿ ಇರುತ್ತಿತ್ತು. ಬಿಂದಿಗೆಗಳ ಸಾಲಿನಲ್ಲಿ ಜಗಳವೂ ನಡೆಯುತ್ತಿತ್ತು, ಮಗುವಿಗೆ ಜ್ವರ ಬಂದಾಗ ರಾತ್ರಿ ಹತ್ತು ಗಂಟೆಗೆ ಬಾಗಿಲು ತಟ್ಟುವ ಸಲುಗೆಯೂ ಇರುತ್ತಿತ್ತು. ಪಕ್ಕದ ಮನೆಯವರು ರಾತ್ರಿ ಪಾಳಿಗೆ ಹೋದರೆ ಅವರ ಹಾಲಿನ ಪಾತ್ರೆಯನ್ನು ನಾವೇ ಹಿಡಿಯುತ್ತಿದ್ದೆವು. ಇದೆಲ್ಲ ನಿಜ. ಆದರೆ ಆ ವಠಾರದಲ್ಲಿ ಮನೆ ಬಾಡಿಗೆಗೆ ಸಿಗುವ ಮುನ್ನ ಮಾಲೀಕರು ಕೇಳುತ್ತಿದ್ದ ಪ್ರಶ್ನೆಯೊಂದಿತ್ತು: 'ನೀವು ಯಾವ ಪೈಕಿ?' ಉತ್ತರವು ಹಿತವಾಗಿದ್ದರೆ ಮಾತ್ರ ಸ್ನೇಹದ ಬಾಗಿಲು ತೆರೆಯುತ್ತಿತ್ತು. ಬಂದವನು ಯಾರವನು ಎಂದು ಕೇಳದೆ ನಮ್ಮವನೆಂದು ಭಾವಿಸಬೇಕೆಂಬ ಬಸವಣ್ಣನವರ ಪ್ರಾರ್ಥನೆಯನ್ನು ಗೋಡೆಯ ಮೇಲೆ ತೂಗುಹಾಕಿದ ಮನೆಗಳಲ್ಲಿಯೂ ಈ ಪ್ರಶ್ನೆಯನ್ನು ಕೇಳಿದ್ದುಂಟು. ಇಂದಿನ ಹೊಸ ಬಡಾವಣೆಗಳಲ್ಲಿ ಜಾತಿಯನ್ನು ಕೇಳುವುದು ಕಡಿಮೆಯಾಗಿರಬಹುದು. ಆದರೆ ಅದರೊಡನೆ ಹೆಸರನ್ನು ಕೇಳುವುದೂ ನಿಂತುಹೋಗಿದೆ. ಹಳೆಯ ಸ್ನೇಹಕ್ಕೆ ಬೇಲಿಯಿತ್ತು. ಹೊಸ ಸಮಾನತೆಗೆ ಮುಖವಿಲ್ಲ. ಶರಣರು ತೋರಿಸಿದ ದಾರಿ ಇವೆರಡರಿಂದಲೂ ಬೇರೆಯಾದುದು. ಅಲ್ಲಿ ಕುಲವನ್ನು ಕೇಳುವುದಿಲ್ಲ, ಕುಶಲವನ್ನು ಕೇಳದೆ ಇರುವುದೂ ಇಲ್ಲ.

ಮಾತಿನ ಒರಟುತನ ಬೇರೆ, ಮನಸ್ಸಿನ ಒರಟುತನ ಬೇರೆ ಎಂಬುದನ್ನು ಪೀಣ್ಯದ ಯಂತ್ರಗಳ ಸದ್ದಿನ ನಡುವೆ ನಾನು ಚೆನ್ನಾಗಿ ಅರಿತೆ. ನಾನು ದುಡಿದ ಸಣ್ಣ ಕಾರ್ಖಾನೆಯಲ್ಲಿ ವಿಜಯಪುರ ಜಿಲ್ಲೆಯಿಂದ, ಎಂದರೆ ಬಸವಣ್ಣನವರ ಜನ್ಮಭೂಮಿಯಿಂದಲೇ ಬಂದ ಹಿರಿಯ ಕೆಲಸಗಾರರೊಬ್ಬರಿದ್ದರು. ಲೇತ್ ಯಂತ್ರದ ಮುಂದೆ ಹೊಸದಾಗಿ ನಿಂತ ಹುಡುಗರನ್ನು ಅವರು 'ಲೇ ತಮ್ಮಾ' ಎಂದೇ ಕರೆಯುತ್ತಿದ್ದರು. ತಪ್ಪು ಮಾಡಿದರೆ ಇಡೀ ಶೆಡ್ಡಿಗೆ ಕೇಳುವಂತೆ ಗದರುತ್ತಿದ್ದರು. ಬೆಂಗಳೂರಿನ ಹುಡುಗರು ಮೊದಲ ವಾರದಲ್ಲಿ ಅವರನ್ನು ಒರಟರೆಂದು ದೂರುತ್ತಿದ್ದರು. ಎರಡನೆಯ ವಾರದ ಹೊತ್ತಿಗೆ, ಊಟದ ವೇಳೆಯಲ್ಲಿ ಡಬ್ಬಿ ತಾರದವನು ಯಾರೆಂದು ನೋಡಿ, 'ಊಟಾ ಆತೇನೋ?' ಎಂದು ಕೇಳಿ, ಅರ್ಧ ರೊಟ್ಟಿಯನ್ನು ಮುರಿದು ಕೊಡುವವರೂ ಅವರೊಬ್ಬರೇ ಎಂಬುದು ತಿಳಿಯುತ್ತಿತ್ತು. ಒಡಿಶಾದಿಂದ ಬಂದ ಹುಡುಗನೊಬ್ಬನು ಕಲಿತ ಮೊದಲ ಕನ್ನಡ ವಾಕ್ಯ ಅದೇ ಆಗಿತ್ತು. ಅವನು ಸಿಕ್ಕವರಿಗೆಲ್ಲ, ಸಂಜೆ ಐದು ಗಂಟೆಯಲ್ಲಿಯೂ, 'ಊಟಾ ಆತೇನೋ?' ಎಂದು ಕೇಳುತ್ತಿದ್ದನು, ಮಾಲೀಕರನ್ನೂ ಕೇಳಿದನು!

ಶೂನ್ಯಸಂಪಾದನೆಯಲ್ಲಿ ಇಂತಹದೇ ಪ್ರಸಂಗವೊಂದಿದೆ. ಸೊನ್ನಲಿಗೆಗೆ ಬಂದ ಅಲ್ಲಮಪ್ರಭುಗಳು ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮರನ್ನು ಬೇಕೆಂದೇ ಒರಟಾಗಿ ಹೆಸರಿಸಿ ವಿಚಾರಿಸುತ್ತಾರೆ. ಕೆಲಸದಲ್ಲಿದ್ದವರು ಸಿಟ್ಟಿಗೆದ್ದು ಕಲ್ಲೆಸೆಯುತ್ತಾರೆ. ಆದರೆ ಆ ಒರಟು ಕರೆಯಲ್ಲಿದ್ದುದು ಸಿದ್ಧರಾಮರನ್ನು ಇನ್ನೂ ಎತ್ತರದ ಅರಿವಿಗೆ ಕೊಂಡೊಯ್ಯುವ ಕಾಳಜಿ. ಎದುರಿಗಿರುವವನನ್ನು ಪೂರ್ತಿಯಾಗಿ ಕಂಡು ಆಡಿದ ಬಿರುಸು ಮಾತು ಸ್ನೇಹವಾಗಬಲ್ಲದು. ಅವನನ್ನು ಕಾಣದೆಯೇ ಆಡಿದ ನಯವಾದ 'ಸರ್', 'ಮೇಡಂ'ಗಳು ತಿರಸ್ಕಾರವಾಗಬಲ್ಲವು.

ವಚನವು ಹೇಳುವ ಎರಡನೆಯ ಕಾರ್ಯವಾದ ಕುಳ್ಳಿರಿಸುವಿಕೆಯನ್ನು ಇಂದು ಎಲ್ಲಕ್ಕಿಂತ ಹೆಚ್ಚಾಗಿ ಮರೆತಿದ್ದೇವೆ. ಮಗಳ ಮನೆಯಿರುವ ಬಹುಮಹಡಿ ಕಟ್ಟಡದ ಗೇಟಿನಲ್ಲಿ ಊಟದ ಪೊಟ್ಟಣ ತರುವ ಹುಡುಗರು, ಕೊರಿಯರಿನವರು, ಕೆಲಸ ಮುಗಿಸಿ ಬಸ್ಸಿಗೆ ಹೊರಟ ಮನೆಗೆಲಸದ ಹೆಣ್ಣುಮಕ್ಕಳು ಬಿಸಿಲಿನಲ್ಲಿಯೂ ಮಳೆಯಲ್ಲಿಯೂ ನಿಂತೇ ಇರುತ್ತಿದ್ದರು. ಅಲ್ಲೊಂದು ಬೆಂಚು ಹಾಕಿಸಬೇಕೆಂದು ನಿವಾಸಿಗಳ ಸಭೆಯಲ್ಲಿ ಸೂಚನೆ ಬಂದಾಗ ಒಬ್ಬರು ಎದ್ದುನಿಂತು, 'ಬೆಂಚು ಹಾಕಿದರೆ ಬಂದವರೆಲ್ಲ ಅಲ್ಲಿಯೇ ಕುಳಿತುಬಿಡುತ್ತಾರೆ' ಎಂದರು. ಬೆಂಚು ಇರುವುದೇ ಕುಳಿತುಕೊಳ್ಳಲು ಅಲ್ಲವೇ! ಆ ಮಾತಿಗೆ ಸಭೆಯಲ್ಲಿ ಯಾರೂ ನಗಲಿಲ್ಲ. ಸೂಚನೆ ಅಲ್ಲಿಗೇ ಬಿದ್ದುಹೋಯಿತು.

ಬಳಿಕ ಅದೇ ಕಟ್ಟಡದ ನಾಲ್ವರು ಹಿರಿಯ ಹೆಣ್ಣುಮಕ್ಕಳು, ಕೋಲಾರದವರೊಬ್ಬರು, ಕೊಲ್ಕತ್ತಾದವರೊಬ್ಬರು, ಹುಬ್ಬಳ್ಳಿಯ ಕಡೆಯವರಿಬ್ಬರು, ತಮ್ಮ ಮನೆಗಳಿಂದ ಪ್ಲಾಸ್ಟಿಕ್ ಕುರ್ಚಿಗಳನ್ನು ತಂದು ಗೇಟಿನ ನೆರಳಿನಲ್ಲಿಟ್ಟರು. ಪಕ್ಕದಲ್ಲಿ ನೀರಿನ ಹೂಜಿಯನ್ನಿಟ್ಟರು. ಎರಡು ಬಾರಿ ಕುರ್ಚಿಗಳನ್ನು ತೆಗೆಯಿಸಲಾಯಿತು. ಮೂರನೆಯ ಬಾರಿ ಅವು ಉಳಿದುಕೊಂಡವು. ಅಸ್ಸಾಮಿನಿಂದ ಬಂದ ಕಾವಲಿನ ಯುವಕನು ಈಗ ಬಂದವರಿಗೆ 'ಕೂತ್ಕೊಳ್ಳಿ ಅಣ್ಣ, ನೀರು ಕುಡೀರಿ' ಎಂದು ಕನ್ನಡದಲ್ಲಿಯೇ ಹೇಳುತ್ತಾನೆ. ಅವನಿಗೆ ಯಾರೂ ಭಾಷೆಯ ಪಾಠ ಮಾಡಲಿಲ್ಲ. ತನಗೆ ದಿನವೂ ಹೇಳಿದ ಮಾತನ್ನೇ ಅವನು ಇತರರಿಗೆ ಹೇಳತೊಡಗಿದನು. ಆದರೂ ಮನೆಗೆಲಸದವರು ಬೇರೆ ಲಿಫ್ಟಿನಲ್ಲಿ ಹೋಗಬೇಕೆಂಬ ಫಲಕವು ಅದೇ ಕಟ್ಟಡದಲ್ಲಿ ಇನ್ನೂ ತೂಗುತ್ತಿದೆ. ಕುರ್ಚಿಯಷ್ಟು ಸುಲಭವಾಗಿ ಫಲಕವು ಅಲುಗುವುದಿಲ್ಲ.

ಕುಳಿತುಕೊಳ್ಳುವುದು ಇಷ್ಟೊಂದು ದೊಡ್ಡ ವಿಷಯವೇ ಎಂದು ಕೇಳುವವರು ನೆರೆರಾಜ್ಯಗಳತ್ತ ನೋಡಬಹುದು. ಅಂಗಡಿಗಳಲ್ಲಿ ದಿನವಿಡೀ ನಿಂತು ದುಡಿಯುವವರಿಗೆ ಆಸನ ಒದಗಿಸಬೇಕೆಂದು ಕೇರಳವು 2018ರಲ್ಲಿಯೂ ತಮಿಳುನಾಡು 2021ರಲ್ಲಿಯೂ ಕಾಯ್ದೆಯನ್ನು ತಿದ್ದುಪಡಿ ಮಾಡಬೇಕಾಯಿತು. ಕರ್ನಾಟಕದಲ್ಲಿಯೂ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕಾಯ್ದೆ ಬಂದಿದೆ. ಇವು ಸ್ವಾಗತಾರ್ಹ. ಆದರೆ ಎಂಟುನೂರು ವರ್ಷಗಳ ಹಿಂದೆ ಮನೆಯ ಹೊಸ್ತಿಲಲ್ಲಿ ಸಹಜವಾಗಿ ನಡೆಯಬೇಕೆಂದು ಶರಣರು ಹೇಳಿದುದನ್ನು ನಡೆಸಲು ಇಂದು ಶಾಸನಸಭೆಗಳು ಕೂಡಬೇಕಾಗಿದೆ ಎಂಬುದು ನಾವು ಯೋಚಿಸಬೇಕಾದ ಸಂಗತಿ.

ಮೂರನೆಯದು ಮಾತನಾಡಿಸುವುದು. ಇಲ್ಲಿ ಭಾಷೆಯ ಪ್ರಶ್ನೆ ಏಳುತ್ತದೆ. 2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಹೇಳಿದವರು ಅರ್ಧಕ್ಕಿಂತ ಕಡಿಮೆ. 2025ರ ಮೇ ತಿಂಗಳಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯ ಆಚೆಗಿರುವ ಆನೇಕಲ್ ತಾಲ್ಲೂಕಿನ ಸೂರ್ಯನಗರದ ಬ್ಯಾಂಕ್ ಶಾಖೆಯೊಂದರಲ್ಲಿ ಅಧಿಕಾರಿಯೊಬ್ಬರು ಕನ್ನಡದಲ್ಲಿ ಮಾತನಾಡುವುದಿಲ್ಲವೆಂದು ಗ್ರಾಹಕರಿಗೆ ಹೇಳಿದ್ದು ನಾಡಿನಾದ್ಯಂತ ಸುದ್ದಿಯಾಯಿತು. ಅವರ ವರ್ಗಾವಣೆಯೂ ಆಯಿತು. ಜನರ ಸೇವೆಗೆ ಕುಳಿತವರು ಜನರ ನುಡಿಯನ್ನು ಕಲಿಯುವುದು ಕಾಯಕದ ಭಾಗವೇ ಆಗಿದೆ. ಭಾಷೆ ಬಾರದಿರುವುದು ದೋಷವಲ್ಲ, ಕಲಿಯಲಾರೆನೆಂಬ ದರ್ಪವು ದೋಷ. ಆದರೆ ಅದೇ ಮಾತನ್ನು ನಾವು ನಮಗೂ ಅನ್ವಯಿಸಿಕೊಳ್ಳಬೇಕು. ನಿನ್ನೆ ರೈಲಿನಿಂದ ಇಳಿದ ಬಡ ಹುಡುಗನು ವಿಳಾಸ ಕೇಳಿದಾಗ, ಕನ್ನಡ ಬಾರದೆಂಬ ಕಾರಣಕ್ಕೆ ಅವನ ಮೇಲೆ ರೇಗುವುದರಿಂದ ಕನ್ನಡದ ಸೇವೆಯಾಗುವುದಿಲ್ಲ. ಅಧಿಕಾರದ ಕುರ್ಚಿಯಲ್ಲಿ ಕುಳಿತವರನ್ನು ಕೇಳಬೇಕಾದ ಪ್ರಶ್ನೆಯನ್ನು ಬೀದಿಯಲ್ಲಿ ನಿಂತವನಿಗೆ ಕೇಳುವುದು ನ್ಯಾಯವಲ್ಲ.

ಕಲ್ಯಾಣವು ಈ ಪ್ರಶ್ನೆಯನ್ನು ಹೇಗೆ ಬಗೆಹರಿಸಿತು? ಸೌದೆ ಮಾರುವ ಕಾಯಕದ ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದವರೆಂದೂ, ಪತ್ನಿಯೊಡನೆ ಕಲ್ಯಾಣಕ್ಕೆ ಬಂದವರೆಂದೂ ಪರಂಪರೆ ಹೇಳುತ್ತದೆ. ಆದಯ್ಯನವರು ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದವರು. ಇಂದಿನ ಮಾತಿನಲ್ಲಿ ಇವರು ವಲಸಿಗರು. ಇವರ ವಚನಗಳು ನಮಗೆ ದೊರೆತಿರುವುದು ಕನ್ನಡದಲ್ಲಿ! ಮಾರಯ್ಯನವರ ಪತ್ನಿ ಮಹಾದೇವಿಯವರ ವಚನಗಳೂ ಕನ್ನಡದಲ್ಲಿಯೇ ಇವೆ. ಬಂದವರನ್ನು ಬಳಿಗೆ ಕರೆದು ಕುಳ್ಳಿರಿಸಿ ಮಾತನಾಡಿಸಿದ ನುಡಿಗೆ ಅವರು ತಮ್ಮ ಅನುಭಾವವನ್ನೇ ಒಪ್ಪಿಸಿದರು. ಬಂದವರ ಪಾಲಿಗೂ ಇಲ್ಲೊಂದು ಪಾಠವಿದೆ. ಸೇರಿದ ಊರಿನ ನುಡಿಯಲ್ಲಿ ಎದುರಿನವರ ಕುಶಲ ಕೇಳುವಷ್ಟಾದರೂ ಕಲಿಯುವುದು ಅತಿಥಿಯು ಮಾಡಬೇಕಾದ ದಾಸೋಹ.

ಇವೆಲ್ಲ ಸಣ್ಣ ಸೌಜನ್ಯಗಳು, ಇವಿಲ್ಲದಿದ್ದರೆ ಏನಾದೀತು ಎಂದು ಯಾರಾದರೂ ಕೇಳಬಹುದು. 2012ರ ಆಗಸ್ಟ್ ತಿಂಗಳನ್ನು ನೆನೆಯೋಣ. ಅಸ್ಸಾಮಿನ ಗಲಭೆಗಳ ಬೆನ್ನಿಗೆ, ಈಶಾನ್ಯದವರ ಮೇಲೆ ದಾಳಿಯಾಗಲಿದೆ ಎಂಬ ವದಂತಿಯು ಮೊಬೈಲ್ ಸಂದೇಶಗಳಲ್ಲಿ ಹಬ್ಬಿತು. ಆಗಸ್ಟ್ 15ರ ಸಂಜೆಯಿಂದ ಸಾವಿರಾರು ಯುವಕ ಯುವತಿಯರು ಬೆಂಗಳೂರಿನ ರೈಲು ನಿಲ್ದಾಣದಲ್ಲಿ ನೆರೆದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ವದಂತಿ ಹೇಳಿದಂತಹ ಹಿಂಸೆ ನಗರದಲ್ಲಿ ನಡೆಯಲಿಲ್ಲ. ಸರ್ಕಾರವೂ ಪೊಲೀಸರೂ ಅಭಯವನ್ನಿತ್ತರು, ಹೊರಟವರು ನಿಲ್ಲಲಿಲ್ಲ. ನಮ್ಮ ಗೇಟುಗಳನ್ನು ಕಾದವರು, ಹೋಟೆಲುಗಳಲ್ಲಿ ನಮಗೆ ಬಡಿಸಿದವರು ಅವರಲ್ಲಿದ್ದರು. ವರ್ಷಗಟ್ಟಲೆ ಹೆಸರು ಹಿಡಿದು ಕರೆಯದ ನಮ್ಮ ಅಭಯವನ್ನು ಅವರು ಯಾವ ಆಧಾರದ ಮೇಲೆ ನಂಬಬೇಕಿತ್ತು? ಮುಖ ಕಾಣದ ಸಂದೇಶವೊಂದು ನೆರೆಯವರ ಮಾತಿಗಿಂತ ಹೆಚ್ಚು ನಂಬಿಕೆಗೆ ಅರ್ಹವೆನಿಸಿದರೆ, ಆ ನೆರೆಯು ಮೊದಲೇ ಇರಲಿಲ್ಲವೆಂದೇ ಅರ್ಥ. 2020ರ ಮೇ ತಿಂಗಳಿನಲ್ಲಿಯೂ ಹಾಗೆಯೇ ಆಯಿತು. ಲಾಕ್‌ಡೌನಿನಲ್ಲಿ ಕೆಲಸ ಕಳೆದುಕೊಂಡವರು ಗಂಟುಮೂಟೆಯೊಡನೆ ತುಮಕೂರು ರಸ್ತೆಯಲ್ಲಿ ನಡೆದುಹೋಗುವಾಗ, ನಮ್ಮ ಬೀದಿಯ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಇಷ್ಟು ಜನ ಇದ್ದರೇ ಎಂದು ಅನೇಕರು ಬೆರಗಾದರು. ಅವರು ಇದ್ದುದು ನಮಗೆ ತಿಳಿದದ್ದು ಅವರು ಹೋಗುವಾಗ.

ಅದೇ ತುಮಕೂರು ರಸ್ತೆಯಲ್ಲಿ ಮುಂದೆ ಸಾಗಿದರೆ ಸಿದ್ಧಗಂಗೆ ಸಿಗುತ್ತದೆ. 2019ರ ಜನವರಿ 21ರಂದು ಲಿಂಗೈಕ್ಯರಾದ ಪೂಜ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು ಅಲ್ಲಿ ದಶಕಗಳ ಕಾಲ ನಡೆಸಿದ ದಾಸೋಹವು ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿತು, ಇಂದಿಗೂ ನೀಡುತ್ತಿದೆ. ಅಲ್ಲಿಗೆ ಹೋದವರಿಗೆ ಮೊದಲು ಎದುರಾಗುವ ಪ್ರಶ್ನೆ, 'ಪ್ರಸಾದ ಆಯಿತೇ?' ಎಂಬುದು. ಮಠದ ಒಲೆಯಷ್ಟು ದೊಡ್ಡ ಒಲೆ ನಮ್ಮ ಮನೆಗಳಲ್ಲಿಲ್ಲ. ಆದರೆ ಆ ಪ್ರಶ್ನೆ ಕೇಳಲು ಒಲೆಯೇ ಬೇಕಾಗಿಲ್ಲ.

ಮೂಗಿನ ಶಿಕ್ಷೆಯ ಅರ್ಥ ನನಗೆ ಈಗ ಸ್ವಲ್ಪಮಟ್ಟಿಗೆ ಹೊಳೆಯುತ್ತಿದೆ. ಬಂದವನನ್ನು ಮಾತನಾಡಿಸದವನು ಜಿಪುಣನಷ್ಟೇ ಆಗಿದ್ದರೆ ಬಸವಣ್ಣನವರು ಅವನನ್ನು ಮರುಕದಿಂದ ತಿದ್ದುತ್ತಿದ್ದರೇನೋ. ಅವನು ಮಾಡಿದ್ದು ಅದಕ್ಕಿಂತ ದೊಡ್ಡ ಅಪರಾಧ. ಎದುರಿಗೆ ನಿಂತವನಿಗೆ ಮುಖವೇ ಇಲ್ಲವೆಂಬಂತೆ ಅವನು ನಡೆದುಕೊಂಡನು. ಇನ್ನೊಬ್ಬರ ಮುಖವನ್ನು ಅಳಿಸಿದವನ ಮುಖವೂ ಉಳಿಯುವುದಿಲ್ಲ ಎಂಬ ನ್ಯಾಯವನ್ನು ಅಣ್ಣನವರು ಆ ಶಿಕ್ಷೆಯ ಮೂಲಕ ನುಡಿದಿದ್ದಾರೆಂದು ನಾನು ತಿಳಿಯುತ್ತೇನೆ. ಒಬ್ಬ ಮನುಷ್ಯನಿಗೆ ಸಲ್ಲುವ ಈ ಮಾತು ಒಂದು ಊರಿಗೂ ಸಲ್ಲುತ್ತದೆ.

ಇಷ್ಟಲಿಂಗ ಪೂಜೆಯ ವೇಳೆಯಲ್ಲಿ ನಾವು ಅಂಗೈಯ ಮೇಲಿರುವುದನ್ನು ತದೇಕಚಿತ್ತದಿಂದ ನೋಡುತ್ತೇವೆ. ಆ ನೋಟದ ಒಂದು ಪಾಲು ಹೊಸ್ತಿಲಿನಾಚೆಗೂ ಸಲ್ಲಲಿ. ನಾಳೆ ಬೆಳಿಗ್ಗೆ ಕಸ ಒಯ್ಯಲು ಬರುವ ತಾಯಿಯ ಹೆಸರು ನಮಗೆ ತಿಳಿದಿದೆಯೇ? ತಿಳಿಯದಿದ್ದರೆ ಕೇಳೋಣ. ಕೇಳಿದ ಮೇಲೆ, ಆ ಹೆಸರಿನ ಕೊನೆಗೆ ಒಂದು 'ಅಕ್ಕ'ನನ್ನೋ 'ಅಮ್ಮ'ನನ್ನೋ ಸೇರಿಸಿ ಕರೆಯೋಣ.